ದನಿ ಕೇಳುತ್ತೆ, ಮಾತು ತಿಳಿಯಲ್ಲ: ಒಳಕಿವಿಯಲ್ಲಿ ಏನಾಗಿರುತ್ತೆ?

ಮೆಲ್ಲಗೆ ಹೇಳಿದರೆ ನಿಮ್ಮ ತಂದೆ "ಏನಂದೆ?" ಅಂತಾರೆ, ಸ್ವಲ್ಪ ದನಿ ಏರಿಸಿದರೆ "ಯಾಕೆ ಕಿರುಚ್ತೀಯ, ನಾನೇನು ಕಿವುಡನಾ?" ಅಂತ ರೇಗುತ್ತಾರೆ ಎಂದು ಬರೆದಿದ್ದೀರಿ. ಇದು ಹಟವಲ್ಲ. ಕಿವಿ ಪರೀಕ್ಷೆಯೇ ನನ್ನ ಕೆಲಸ. ಈ ಎರಡು ದೂರುಗಳು ಜೋಡಿಯಾಗಿಯೇ ಬರುತ್ತವೆ.

ಕಿವಿತಮಟೆ, ಅದರ ಹಿಂದಿನ ಮೂರು ಪುಟ್ಟ ಮೂಳೆಗಳ ತಂಟೆಗೆ ಹೋಗುವುದಿಲ್ಲ, ಇಲ್ಲಿ ತಪ್ಪು ಅವುಗಳದ್ದಲ್ಲ. ಕೊನೆಯ ಮೂಳೆ ಕಾಕ್ಲಿಯದೊಳಗಿನ ದ್ರವವನ್ನು ತಳ್ಳುತ್ತದೆ. ಕಾಕ್ಲಿಯ ಅಂದರೆ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಕೊಳವೆ. ಬಿಚ್ಚಿ ನೀಳ ಮಾಡಿದರೂ ಸುಮಾರು 35 ಮಿಲಿಮೀಟರ್ ಅಷ್ಟೇ. ಅದರ ಉದ್ದಕ್ಕೂ ಒಂದು ತೆಳು ಪೊರೆಯಿದೆ. ಬುಡದಲ್ಲಿ ಕಿರಿದು, ಬಿಗಿ. ತುದಿಗೆ ಹೋದಂತೆ ಅಗಲ, ಸಡಿಲ. ಹಾಗಾಗಿ ಕೀರಲು ದನಿಗೆ ಬುಡ ಅದುರುತ್ತದೆ, ದಪ್ಪ ದನಿಗೆ ತುದಿ. ಈ ಅದುರಾಟ ಅಲೆಯಾಗಿ ಸಾಗುವುದನ್ನು ಶವಗಳ ಕಿವಿಯಲ್ಲಿ ಸೂಕ್ಷ್ಮದರ್ಶಕದಿಂದ ಕಣ್ಣಾರೆ ಕಂಡ ಗೇಯೋರ್ಗ್ ಫಾನ್ ಬೇಕೇಶಿ ಅವರಿಗೆ 1961ರಲ್ಲಿ ನೊಬೆಲ್ ಬಂತು.

ವಯಸ್ಸಾದಂತೆ ಮೊದಲು ಸವೆಯುವುದು ಬುಡದ ಭಾಗ. ಮಾತಿನ ಜೋರೆಲ್ಲ ಸ್ವರಗಳಲ್ಲಿರುತ್ತದೆ, ಅವು ಹೆಚ್ಚಾಗಿ ಕೆಳಗಿನ ಆವರ್ತನದವು, ಅಂದರೆ ದಪ್ಪ ದನಿಯವು. 'ಸ್' ಸದ್ದಿನ ಬಲವಿರುವುದು 4000 ಹರ್ಟ್ಜ್‌ನ ಆಚೆ, ಅಂದರೆ ಬುಡವೇ ಹಿಡಿಯಬೇಕಾದ ಕೀರಲು ದನಿಯಲ್ಲಿ. "ಚಾಪೆ ಹಾಸು" ಎಂದಿರೋ "ಚಾಪೆ ಹಾಕು" ಎಂದಿರೋ, ತಂದೆಗೆ 'ಆ'ಕಾರ, 'ಉ'ಕಾರ ಚೆನ್ನಾಗಿ ಕೇಳುತ್ತದೆ. ನಡುವಿನ ವ್ಯಂಜನವೇ ನಾಪತ್ತೆ.

ಇನ್ನು ರೇಗುವ ವಿಚಾರ; ನನಗೆ ಇದೇ ಹೆಚ್ಚು ಸೋಜಿಗದ್ದು. ಆ ಪೊರೆಯ ಮೇಲೆ ರೋಮಕೋಶಗಳು, ಅಂದರೆ ತಲೆಯ ಮೇಲೆ ಕೂದಲಿನಂಥ ಎಳೆಗಳಿದ್ದು ಅದುರಾಟವನ್ನು ಗ್ರಹಿಸುವ ಕೋಶಗಳು, ಸಾಲುಗಟ್ಟಿವೆ: ಒಳಗೆ ಒಂದು ಸಾಲು, ಸುಮಾರು 3500, ಹೊರಗೆ ಮೂರು ಸಾಲು, ಸುಮಾರು 12,000. ಮಿದುಳಿಗೆ ಸುದ್ದಿ ಮುಟ್ಟಿಸುವುದು ಮುಖ್ಯವಾಗಿ ಒಳಸಾಲು. ಹೊರಸಾಲಿನವು ಸದ್ದಿನ ತಾಳಕ್ಕೆ ತಾವೇ ಉದ್ದ-ಗಿಡ್ಡ ಆಗುತ್ತಾ ಪೊರೆಯ ಅದುರಾಟವನ್ನು ಹಿಗ್ಗಿಸುತ್ತವೆ. ಆ ಭರದಲ್ಲಿ ಕಿವಿಯಿಂದಲೇ ಹೊರಡುವ ಸಣ್ಣ ಸದ್ದನ್ನು 1978ರಲ್ಲಿ ಡೇವಿಡ್ ಕೆಂಪ್ ಮೈಕ್ರೊಫೋನಿನಲ್ಲಿ ಹಿಡಿದರು. ಹಸುಗೂಸುಗಳ ಕಿವಿ ಪರೀಕ್ಷೆಗೆ ಈಗ ಅದನ್ನೇ ಬಳಸುತ್ತೇವೆ.

ಈ ನೆರವು ಬೇಕಾಗುವುದು ಮೆಲುದನಿಗೆ, ಜೋರು ಸದ್ದಿಗಲ್ಲ. ಹೊರಸಾಲು ಹಾಳಾದರೆ ಮೆಲುಮಾತು ಅಳಿಸಿಹೋಗುತ್ತದೆ, ಜೋರು ದನಿ ಮಾತ್ರ ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ಕೇಳಿಸದ್ದಕ್ಕೂ ಕರ್ಕಶಕ್ಕೂ ನಡುವೆ ಉಳಿಯುವುದು ಚೂರೇ ಜಾಗ. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಇಲ್ಲ.

ಆದ್ದರಿಂದ ಕಿರುಚಬೇಡಿ. ಟಿವಿ ಆರಿಸಿ, ಮುಖ ಕಾಣುವಂತೆ ಎದುರು ಕೂತು, ಬಿಡಿಸಿ ಬಿಡಿಸಿ ಮಾತಾಡಿ. ಪರೀಕ್ಷೆ ಮಾಡಿಸದೆ ಸಿದ್ಧ ಹಿಯರಿಂಗ್ ಏಡ್ ತಂದು ಕಿವಿಗೆ ತುರುಕಬೇಡಿ. ಎಲ್ಲ ಸದ್ದನ್ನೂ ಒಂದೇ ಸಮ ಏರಿಸಿದರೆ ಅವರು ಇನ್ನಷ್ಟು ರೇಗುತ್ತಾರೆ. ಒಳ್ಳೆಯ ಹಿಯರಿಂಗ್ ಏಡ್ ಮೆಲುದನಿಯನ್ನು ಹೆಚ್ಚು, ಜೋರು ದನಿಯನ್ನು ಕಡಿಮೆ ಏರಿಸುತ್ತದೆ.

ಒಂದೇ ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಮಾತ್ರ ವಯಸ್ಸಿನ ಲೆಕ್ಕಕ್ಕೆ ಬರೆಯದೆ ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.