ಸೂಕ್ಷ್ಮಜೀವಿಯಲ್ಲಿ ಸಿಗುವ ಕಿಣ್ವವನ್ನು ಯಾಕೆ ತಿದ್ದಬೇಕು? ಬ್ಯಾಕ್ಟೀರಿಯಾದಿಂದ ಮಾಡಿದ ಔಷಧಿಯಲ್ಲಿ ಬ್ಯಾಕ್ಟೀರಿಯಾ ಉಳಿದಿರುತ್ತದೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಇನ್ಸುಲಿನ್‌ನಿಂದ ಹಿಡಿದು ಬಟ್ಟೆ ಸೋಪಿನ ಪುಡಿಯವರೆಗೆ ಬೇಕಾದ ಪ್ರೋಟೀನನ್ನೆಲ್ಲ ಬ್ಯಾಕ್ಟೀರಿಯಾ, ಯೀಸ್ಟ್‌ಗಳೇ ಮಾಡಿಕೊಡುತ್ತವೆ ಎಂದಾದರೆ ಅದರ ಮೇಲೆ ಕಿಣ್ವವನ್ನು (ಎನ್ಜೈಮ್, ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನು) ಮತ್ತೆ ‘ವಿನ್ಯಾಸ’ ಮಾಡುವುದೇಕೆ ಎನ್ನುವುದು ಒಂದು. ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಔಷಧಿಯ ಜೊತೆ ಮೈಯೊಳಗೆ ಬಂದುಬಿಡುವುದಿಲ್ಲವೇ ಎನ್ನುವುದು ಇನ್ನೊಂದು. ನಾನು ಫರ್ಮೆಂಟೇಶನ್, ಅಂದರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆಸುವ ಕೆಲಸದಲ್ಲಿರುವವನು. ಹಾಗಾಗಿ ಪಠ್ಯಪುಸ್ತಕದ ಕ್ರಮ ಬಿಟ್ಟು, ಕೆಲಸದಲ್ಲಿ ನಿಜವಾಗಿ ಎಲ್ಲಿ ತಲೆ ಕೆಡುತ್ತದೋ ಅಲ್ಲಿಂದ ಹೇಳುತ್ತೇನೆ.

ಪ್ರಕೃತಿಯಲ್ಲಿ ಸಿಗುವ ಕಿಣ್ವ ಆ ಜೀವಿಯ ಹೊಟ್ಟೆಪಾಡಿಗೆ ತಕ್ಕ ಹಾಗೆ ರೂಪುಗೊಂಡದ್ದು. ನಮ್ಮ ಕೆಲಸ ಅದಕ್ಕೆ ಗೊತ್ತಿಲ್ಲ, ನಮ್ಮ ಜಾಗವಂತೂ ಇನ್ನೂ ಗೊತ್ತಿಲ್ಲ. ಸಬ್ಟಿಲಿಸಿನ್ ಎಂಬ ಕಿಣ್ವವನ್ನೇ ತೆಗೆದುಕೊಳ್ಳಿ. ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳು ಸುತ್ತಲಿನ ಪ್ರೋಟೀನನ್ನು ತುಂಡರಿಸಿ ಹೀರಿಕೊಳ್ಳಲು ಇದನ್ನು ಹೊರಗೆ ಬಿಡುತ್ತವೆ. ರಕ್ತದ ಕಲೆ, ಮೊಟ್ಟೆಯ ಕಲೆ ಕೂಡ ಪ್ರೋಟೀನೇ ಆದ್ದರಿಂದ ಸೋಪಿನ ಪುಡಿಗೆ ಇದು ಹೇಳಿಮಾಡಿಸಿದ ಹಾಗಿದೆ. ಆದರೆ ಅದೇ ಪುಡಿಯಲ್ಲಿ ಬ್ಲೀಚ್ ಕೂಡ ಇರುತ್ತದೆ. ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಕೊಂಡಿಗಳ ಸರಪಳಿ. ಈ ಕಿಣ್ವದ 275 ಕೊಂಡಿಗಳಲ್ಲಿ 221ನೆಯದು ಸೆರಿನ್, ಕತ್ತರಿಸುವ ಕೆಲಸದ ಮುಖ್ಯಸ್ಥ ಅದೇ. ಅದಕ್ಕೆ ಅಂಟಿಕೊಂಡೇ 222ರಲ್ಲಿ ಮೆಥಿಯೊನಿನ್ ಕೂತಿದೆ. ಬ್ಲೀಚ್ ತಾಗಿದರೆ ಮೆಥಿಯೊನಿನ್‌ನಲ್ಲಿರುವ ಗಂಧಕಕ್ಕೆ ಆಕ್ಸಿಜನ್ ಹಿಡಿದುಕೊಳ್ಳುತ್ತದೆ, ಕಿಣ್ವದ ಚುರುಕು ಬಹುಪಾಲು ಹೋಗಿಬಿಡುತ್ತದೆ.

1985ರಲ್ಲಿ ಜೆನೆನ್‌ಟೆಕ್ ಮತ್ತು ಜೆನೆನ್‌ಕೋರ್ ಕಂಪನಿಗಳ ಸಂಶೋಧಕರು ಆ ಒಂದು ಜಾಗದಲ್ಲಿ ಉಳಿದ 19 ಅಮೈನೋ ಆಮ್ಲಗಳನ್ನೂ ಒಂದೊಂದಾಗಿ ಕೂರಿಸಿ ನೋಡಿದರು. ಸೆರಿನ್ ಅಥವಾ ಅಲನಿನ್ ಹಾಕಿದ ರೂಪಗಳು ಬ್ಲೀಚ್‌ಗೆ ಜಗ್ಗಲಿಲ್ಲ. ಅವು ಮೂಲ ಕಿಣ್ವದಷ್ಟು ಚುರುಕಾಗಿಯೂ ಇರಲಿಲ್ಲ. ಆದರೂ ಗೆದ್ದದ್ದು ಈ ನಿಧಾನದವೇ, ಯಾಕೆಂದರೆ ನೀರಿಗೆ ಬಿದ್ದ ಕೂಡಲೇ ಸಾಯುವ ಚುರುಕು ಕಿಣ್ವ ಯಾರಿಗೆ ಬೇಕು? ‘ವಿನ್ಯಾಸ’ ಎಂದರೆ ಬಹಳ ಸಲ ಇಷ್ಟೇ: ಕಿಣ್ವಕ್ಕೆ ಹೊಸ ಕೆಲಸ ಕಲಿಸುವುದಕ್ಕಿಂತ, ಗೊತ್ತಿರುವ ಕೆಲಸವನ್ನು ಗೊತ್ತಿಲ್ಲದ ಜಾಗದಲ್ಲಿ ಮಾಡುವ ಹಾಗೆ ಮಾಡುವುದು.

ಯಾವ ಅಮೈನೋ ಆಮ್ಲ ಬದಲಿಸಬೇಕೆಂದು ಹೀಗೆ ಮೊದಲೇ ಗೊತ್ತಿರುವುದು ಅದೃಷ್ಟ. ಗೊತ್ತಿಲ್ಲದಿದ್ದಾಗ ಬಳಸುವ ದಾರಿಗೆ ಅಮೆರಿಕದ ವಿಜ್ಞಾನಿ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಬಂತು. ಕಿಣ್ವದ ಜೀನಿನಲ್ಲಿ ಬೇಕೆಂದೇ ಅಲ್ಲಲ್ಲಿ ತಪ್ಪುಗಳನ್ನು ಬಿತ್ತಿ, ಸಾವಿರಾರು ರೂಪಗಳನ್ನು ಬ್ಯಾಕ್ಟೀರಿಯಾದಲ್ಲಿ ಮಾಡಿಸಿ, ಒಳ್ಳೆಯದನ್ನು ಆರಿಸಿ, ಅದರ ಮೇಲೆ ಮತ್ತೆ ತಪ್ಪು ಬಿತ್ತುವುದು. 1993ರಲ್ಲಿ ಅವರ ತಂಡ ಸಬ್ಟಿಲಿಸಿನ್‌ನ ಒಂದು ರೂಪವನ್ನು, ಶೇ 60ರಷ್ಟು ಡಿಎಂಎಫ್ ಎಂಬ ದ್ರಾವಕ ಇರುವಲ್ಲಿ ಮೂಲಕ್ಕಿಂತ 256 ಪಟ್ಟು ಚುರುಕಾಗುವಂತೆ ಮಾಡಿತು. ಸಾಮಾನ್ಯ ಕಿಣ್ವ ಅಂಥ ದ್ರಾವಕದಲ್ಲಿ ಕೆಲಸಕ್ಕೇ ಬರುವುದಿಲ್ಲ.

ಕೇಳಲು ಸಲೀಸು. ಮಾಡುವಾಗ ಎಲ್ಲವೂ ನಿಂತಿರುವುದು ಆರಿಸುವ ಹಂತದ ಮೇಲೆ. 96 ಕುಳಿಗಳ ಪ್ಲಾಸ್ಟಿಕ್ ಪ್ಲೇಟು, ಪ್ರತಿ ಕುಳಿಯಲ್ಲೂ ಒಂದೊಂದು ರೂಪ. ಕಿಣ್ವ ಕತ್ತರಿಸಿದರೆ ಹಳದಿ ಬಣ್ಣ ಬಿಡುವ ರಾಸಾಯನಿಕ ಹಾಕುತ್ತೀರಿ, ಗಾಢ ಹಳದಿಯ ಕುಳಿಯನ್ನು ಗುರುತು ಹಾಕುತ್ತೀರಿ. ಅನುಭವ ಇರುವವರು ಮೊದಲು ನೋಡುವುದು ಆ ಕುಳಿ ಪ್ಲೇಟಿನ ಅಂಚಿನಲ್ಲಿದೆಯೇ ಎಂದು. ಅಂಚಿನ ಕುಳಿಗಳಲ್ಲಿ ನೀರು ಬೇಗ ಆರುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ, ಹಳದಿ ಎದ್ದು ಕಾಣುತ್ತದೆ. ಕಿಣ್ವ ಮಾತ್ರ ಹಳೆಯದೇ. ಇದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ. ಬಣ್ಣ ಬಿಡುವ ಆ ಪುಟ್ಟ ಅಣುವನ್ನು ಕತ್ತರಿಸುವುದರಲ್ಲಿ ಪಳಗಿದ ಕಿಣ್ವ ನಿಜವಾದ ಕಲೆಯ ಮುಂದೆ ಸುಮ್ಮನೆ ಕೂತುಬಿಡಬಹುದು. ನಾವು ಏನನ್ನು ಅಳೆಯುತ್ತೇವೋ ಅದನ್ನೇ ಅದು ಕಲಿಯುತ್ತದೆ.

ಔಷಧ ಉದ್ಯಮದಲ್ಲಿ ನನಗೆ ತುಂಬ ಹಿಡಿಸುವ ಉದಾಹರಣೆ ಸಿಟಾಗ್ಲಿಪ್ಟಿನ್, ಮಧುಮೇಹದ ಮಾತ್ರೆ. ಮೊದಲು ಇದರ ತಯಾರಿಯ ಒಂದು ಹಂತಕ್ಕೆ ದುಬಾರಿ ರೋಡಿಯಂ ಲೋಹ ಮತ್ತು ಹೆಚ್ಚಿನ ಒತ್ತಡದ ಹೈಡ್ರೋಜನ್ ಬೇಕಿತ್ತು, ಆಮೇಲೆ ಆ ಲೋಹವನ್ನು ಪೂರ್ತಿ ತೆಗೆದುಹಾಕುವ ಗೋಳು ಬೇರೆ. ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳು ಆರ್ತ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಟ್ರಾನ್ಸಮಿನೇಸ್ ಕಿಣ್ವವನ್ನು ಹಿಡಿದುಕೊಂಡು ಕೂತವು. ಆ ಕಿಣ್ವಕ್ಕೆ ಈ ಅಣುವಿನ ಮೇಲೆ ಅಳೆಯುವಷ್ಟೂ ಪರಿಣಾಮ ಇರಲಿಲ್ಲ, ಅಣು ಅದರ ಬಾಯಿಗೆ ಹಿಡಿಸುತ್ತಲೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಆ ಜಾಗವನ್ನು ದೊಡ್ಡದು ಮಾಡಿ, ಎಲ್ಲೋ ಒಂದಿಷ್ಟು ಚಲನೆ ಕಂಡ ಮೇಲೆ ಸುತ್ತಿನ ಮೇಲೆ ಸುತ್ತು ಆರಿಸುತ್ತಾ ಹೋದರು. 2010ರಲ್ಲಿ ಪ್ರಕಟಿಸಿದ ಕೊನೆಯ ರೂಪದಲ್ಲಿ 27 ಅಮೈನೋ ಆಮ್ಲಗಳು ಬದಲಾಗಿದ್ದವು. ಹಳೆಯ ವಿಧಾನಕ್ಕಿಂತ ಇಳುವರಿ ಶೇ 10ರಿಂದ 13 ಹೆಚ್ಚು, ತ್ಯಾಜ್ಯ ಶೇ 19 ಕಡಿಮೆ. ಶೂನ್ಯದಿಂದ ಅಲ್ಲಿಗೆ ಬಂದದ್ದು ಸಣ್ಣ ಮಾತಲ್ಲ.

(ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾದ ಸುದ್ದಿಯನ್ನು ನೀವೂ ಓದಿರುತ್ತೀರಿ. 2016ರಲ್ಲಿ ಜಪಾನಿನಲ್ಲಿ ಕಂಡ ಆ ಬ್ಯಾಕ್ಟೀರಿಯಾ ತೆಳ್ಳನೆಯ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆಯೊಂದನ್ನು ಕರಗಿಸಲು ವಾರಗಟ್ಟಲೆ ತೆಗೆದುಕೊಂಡಿತು. ಕಾರ್ಖಾನೆಗೆ ಹತ್ತಿರ ಬಂದದ್ದು ಬೇರೆಯದೇ ಕಿಣ್ವ. 2020ರಲ್ಲಿ ತಿದ್ದಿದ ಅದರ ರೂಪ 72 ಡಿಗ್ರಿ ಬಿಸಿಯಲ್ಲಿ, ಮೊದಲೇ ಸಂಸ್ಕರಿಸಿ ಪುಡಿ ಮಾಡಿದ ಪೆಟ್ಟನ್ನು 10 ಗಂಟೆಯಲ್ಲಿ ಶೇ 90ರಷ್ಟು ಒಡೆಯಿತು. ಸಮುದ್ರಕ್ಕೆ ಸುರಿದರೆ ಕಸ ಮಾಯ ಎನ್ನುವವರ ಮಾತು ನಂಬಬೇಡಿ.)

ಇನ್ನು ಬ್ಯಾಕ್ಟೀರಿಯಾ ಬೆಳೆಸಿ ಕಿಣ್ವ ಮಾಡಿಸುವ ಟ್ಯಾಂಕು. ಒಳ್ಳೆಯ ಜೀನ್ ಸಿಕ್ಕಿದ ಮೇಲೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಬ್ಯಾಕ್ಟೀರಿಯಾಗೆ ಉಸಿರಾಡಲು ಆಕ್ಸಿಜನ್ ಬೇಕು, ಆದರೆ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವುದು ಏಳೆಂಟು ಮಿಲಿಗ್ರಾಂ ಅಷ್ಟೇ. ದಟ್ಟವಾಗಿ ಬೆಳೆದ ಇ. ಕೋಲಿ (ಈ ಕೆಲಸಕ್ಕೆ ಹೆಚ್ಚು ಬಳಸುವ ಬ್ಯಾಕ್ಟೀರಿಯಾ) ಅದನ್ನು ಸೆಕೆಂಡುಗಳಲ್ಲಿ ಮುಗಿಸಿಬಿಡುತ್ತದೆ. ಗಾಳಿ ಜಾಸ್ತಿ ಬಿಟ್ಟರೆ ನೊರೆ ಉಕ್ಕಿ ಗಾಳಿ ಹೊರಹೋಗುವ ಫಿಲ್ಟರ್ ಒದ್ದೆಯಾಗುತ್ತದೆ, ಜೋರಾಗಿ ಕಲಕಿದರೆ ಬಿಸಿ ಏರುತ್ತದೆ. ಟ್ಯಾಂಕು ದೊಡ್ಡದಾದಷ್ಟೂ ಒಳಗಿನ ದ್ರವದ ಹೋಲಿಕೆಯಲ್ಲಿ ಗೋಡೆ ಕಡಿಮೆಯಾಗುವುದರಿಂದ ಬಿಸಿ ಹೊರಗೆ ಹೋಗುವುದೂ ಕಷ್ಟ. ಸಕ್ಕರೆಯನ್ನು ಒಮ್ಮೆಗೇ ಸುರಿದರೆ ಇ. ಕೋಲಿ ಅಸಿಟೇಟ್ ಮಾಡಿಕೊಂಡು ತನ್ನ ಬೆಳವಣಿಗೆಗೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ. ಅದಕ್ಕೇ ಸಣ್ಣಗೆ ತೊಟ್ಟಿಕ್ಕಿಸುತ್ತೇವೆ. ರಾತ್ರಿ ಪಾಳಿಯಲ್ಲಿ ಪರದೆಯ ಮೇಲೆ ನಾವು ಕಾಯುವುದು ಒಂದೇ ಗೆರೆಯನ್ನು, ಕರಗಿದ ಆಕ್ಸಿಜನ್ನಿನ ಗೆರೆ. ಇಳಿಯುತ್ತಾ ಬಂದ ಗೆರೆ ತಟ್ಟನೆ ಮೇಲಕ್ಕೆ ಜಿಗಿದರೆ ಸಕ್ಕರೆ ಮುಗಿದಿದೆ, ತಿನ್ನಲು ಏನೂ ಇಲ್ಲದ್ದರಿಂದ ಉಸಿರಾಟ ಇಳಿದಿದೆ ಎಂದರ್ಥ. ಸಕ್ಕರೆಯ ಪಂಪು ಚಾಲೂ ಮಾಡುವ ಹೊತ್ತು ಅದು.

ಈಗ ನಿಮ್ಮ ಎರಡನೆಯ ಪ್ರಶ್ನೆ. 1978ರಲ್ಲಿ ಇ. ಕೋಲಿಯಲ್ಲಿ ಮಾನವ ಇನ್ಸುಲಿನ್ ಮಾಡಿದರು, 1982ರಲ್ಲಿ ಅಮೆರಿಕದಲ್ಲಿ ಅದು ಔಷಧಿಯಾಗಿ ಒಪ್ಪಿಗೆ ಪಡೆಯಿತು. ಅಲ್ಲಿಯವರೆಗೆ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಇ. ಕೋಲಿಯ ಒಳಗೆ ಇಂಥ ಪ್ರೋಟೀನ್ ಬಹಳ ಸಲ ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗಿ ಕೂತಿರುತ್ತದೆ. ಜೀವಕೋಶವನ್ನು ಒಡೆದು ಆ ಗಂಟನ್ನು ತೆಗೆದು ಕರಗಿಸಿ ಮತ್ತೆ ಮಡಚಬೇಕು. ಅಂದರೆ ಶುದ್ಧೀಕರಣದ ಮೊದಲ ಹೆಜ್ಜೆಯಲ್ಲೇ ಬ್ಯಾಕ್ಟೀರಿಯಾ ಚೂರುಚೂರು. ಆಮೇಲೆ ಒಂದರ ಹಿಂದೊಂದು ಕಾಲಂ (ಬೇಕಾದ ಪ್ರೋಟೀನನ್ನು ಉಳಿದದ್ದರಿಂದ ಬೇರ್ಪಡಿಸುವ ಕೊಳವೆ), ಕೊನೆಗೆ ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ರಂಧ್ರದ ಫಿಲ್ಟರ್. ಬದುಕಿರುವ ಬ್ಯಾಕ್ಟೀರಿಯಾ ಸಿರಿಂಜಿಗೆ ಬರುವ ಭಯ ನಿಮಗೆ ಬೇಡ.

ನಾವು ಹೆದರುವುದು ಸತ್ತದ್ದರ ಚೂರುಗಳಿಗೆ. ಇ. ಕೋಲಿಯ ಹೊರಪದರದಲ್ಲಿರುವ ಎಂಡೋಟಾಕ್ಸಿನ್ ತೀರಾ ಅಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೂ ಜ್ವರ, ನಡುಕ ತರಿಸುತ್ತದೆ. ಕುದಿಸಿದರೆ ಹೋಗುವ ಪೈಕಿಯಲ್ಲ ಅದು, ಆ ಸಣ್ಣ ರಂಧ್ರದ ಫಿಲ್ಟರಿನಲ್ಲೂ ನುಸುಳುತ್ತದೆ. ಆದ್ದರಿಂದ ಚುಚ್ಚುಮದ್ದಿನ ಪ್ರತಿ ಬ್ಯಾಚಿಗೂ ಇದಕ್ಕೆಂದೇ ಪರೀಕ್ಷೆ, ಗಂಟೆಗೆ ದೇಹತೂಕದ ಪ್ರತಿ ಕೆಜಿಗೆ 5 ಎಂಡೋಟಾಕ್ಸಿನ್ ಯೂನಿಟ್ ಎಂಬ ಸಾಮಾನ್ಯ ಮಿತಿ ಇದೆ. ಈ ಪರೀಕ್ಷೆಗೆ ಬಹುಕಾಲದಿಂದ ಬಳಸುತ್ತಿರುವುದು ಹಾರ್ಸ್‌ಶೂ ಏಡಿಯ ನೀಲಿ ರಕ್ತದ ಸಾರ. ಅದರ ಬದಲಿಗೆ ಜೀನ್ ತಂತ್ರಜ್ಞಾನದಿಂದಲೇ ಮಾಡಿದ ಪ್ರೋಟೀನ್ ಈಗ ಬಂದಿದೆ.

ಕಿಣ್ವವೇ ಔಷಧಿಯಾದಾಗ ಮೈಯೊಳಗಿನ ಜಾಗವೂ ಸೋಪಿನ ನೀರಿನಷ್ಟೇ ಕಠಿಣ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇ. ಕೋಲಿಯ ಆಸ್ಪರಾಜಿನೇಸ್ ಕೊಡುತ್ತಾರೆ. ಅದು ರಕ್ತದಲ್ಲಿನ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಒಡೆದು, ಅದನ್ನು ತಾವೇ ಸಾಕಷ್ಟು ಮಾಡಿಕೊಳ್ಳಲಾಗದ ಕ್ಯಾನ್ಸರ್ ಕೋಶಗಳನ್ನು ಉಪವಾಸ ಕೆಡವುತ್ತದೆ. ಆದರೆ ದೇಹ ಅದನ್ನು ಪರಕೀಯ ಎಂದು ಗುರುತಿಸಿ ಎದುರಿಸುತ್ತದೆ. ಹಾಗಾಗಿ, ದೇಹದ ಕಣ್ಣಿಗೆ ಸುಲಭವಾಗಿ ಬೀಳದ ಹಾಗೆ ಕಿಣ್ವಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳನ್ನು ಜೋಡಿಸಿದ ರೂಪ 1994ರಲ್ಲಿ ಬಂತು. ಒಂದು ದಿನಕ್ಕಿಂತ ತುಸು ಹೆಚ್ಚಿದ್ದ ಅರ್ಧಾಯುಷ್ಯ (ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) ಐದಾರು ದಿನಕ್ಕೆ ಏರಿತು. ಅದಕ್ಕೂ ಅಲರ್ಜಿ ಆದವರಿಗೆ ಅರ್ವಿನಿಯಾ ಎಂಬ ಬೇರೆ ಬ್ಯಾಕ್ಟೀರಿಯಾದ ಕಿಣ್ವ ಇದೆ.

ಬದುಕಿರುವ ಬ್ಯಾಕ್ಟೀರಿಯಾವನ್ನೇ ಬೇಕೆಂದು ನುಂಗಿಸುವ ಪ್ರಯತ್ನಗಳೂ ನಡೆದಿವೆ, ನಿಮ್ಮ ಅನುಮಾನ ನಿಜವಾಗಿ ಅನ್ವಯಿಸುವುದು ಅಲ್ಲಿ. ಫಿನೈಲ್‌ಕೀಟೋನ್ಯೂರಿಯಾ ಎಂಬುದು ಫಿನೈಲಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಸರಿಯಾಗಿ ಒಡೆಯಲಾಗದ ಹುಟ್ಟುಕಾಯಿಲೆ. ಅದು ಇರುವವರ ಕರುಳಿನಲ್ಲಿ ಫಿನೈಲಲನಿನ್ ಒಡೆಯಲೆಂದು ಇ. ಕೋಲಿ ನಿಸಲ್ ತಳಿಯನ್ನು ತಿದ್ದಿ, ದೇಹದೊಳಗೆ ಅದು ಬೆಳೆಯದ ಹಾಗೆ ಕಡಿವಾಣ ಹಾಕಿ ಕೊಟ್ಟಿದ್ದರು. 2024ರಲ್ಲಿ ಅದರ ಮೂರನೇ ಹಂತದ ಪರೀಕ್ಷೆ ಅರ್ಧಕ್ಕೆ ನಿಂತಿತು. ಬ್ಯಾಕ್ಟೀರಿಯಾ ಹಿಡಿತ ತಪ್ಪಿತು ಅಂತಲ್ಲ, ನಿರೀಕ್ಷಿಸಿದಷ್ಟು ಗುಣ ಕಾಣುವ ಲಕ್ಷಣ ಇರಲಿಲ್ಲ ಅಂತ.