ಗುತ್ತಿಗೆ ಕೊಟ್ಟ ಕೆರೆಯಲ್ಲಿ ಊರವರು ಗಾಳ ಹಾಕಬಾರದಾ?

ಪ್ರಶ್ನೆ: ನಮ್ಮೂರ ಕೆರೆಯನ್ನು ಮೀನುಗಾರರ ಸಂಘಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಭಾನುವಾರ ಏರಿ ಮೇಲೆ ಕೂತು ಗಾಳ ಹಾಕಿದರೆ ಎಬ್ಬಿಸಿ ಕಳಿಸುತ್ತಾರೆ. ಅಮೆರಿಕದಲ್ಲಿ ಸರ್ಕಾರವೇ ಊರವರ ಜೊತೆ ಸೇರಿ ಎಲ್ಲರಿಗೂ ಮೀನು ಹಿಡಿಯಲು ಜಾಗ ಮಾಡಿಕೊಡುತ್ತದಂತೆ. ಇಲ್ಲಿ ಯಾಕಾಗಲ್ಲ?
– ಓದುಗರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ಸಂಘದವರ ಮೇಲೆ ಸಿಟ್ಟಾಗಬೇಡಿ. ದುಡ್ಡು ಕಟ್ಟಿ, ಮರಿ ತಂದು ಬಿಟ್ಟು, ರಾತ್ರಿ ಕಾವಲು ಕಾಯುವವರು ಅವರು. ನೀರು ಊರಿನದೇ, ದನ ನೀರಿಗಿಳಿದರೆ ಯಾರೂ ಕೇಳಲ್ಲ. ಆದರೆ ಅದರೊಳಗಿನ ಕಾಟ್ಲಾ, ರೋಹು ಅವರ ಬೆಳೆ.

ನೀವು ಹೇಳಿದ್ದು ಅಮೆರಿಕದಲ್ಲಿ ನಿಜವಾಗಿಯೂ ಇದೆ. ಮಿಸೌರಿ ರಾಜ್ಯದಲ್ಲಿ ಇಂಥ ಏರ್ಪಾಡಿರುವ ಕಡೆ ಕೆರೆ ಊರಿನ ಆಡಳಿತದ್ದು. ಸರ್ಕಾರದ ಇಲಾಖೆ ಮೀನು ಬಿಡುತ್ತದೆ, ದೋಣಿ ಇಳಿಸುವ ಜಾಗ ಕಟ್ಟಿಕೊಡುತ್ತದೆ. ಹುಲ್ಲು ಕೊಯ್ಯೋದು, ಕಸ ತೆಗೆಯೋದು ಊರಿನ ಪಾಲು. ದುಡ್ಡು ಎಲ್ಲಿಂದ ಅಂತೀರಾ? ಗಾಳ ಹಾಕುವವರೇ ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ. ಜೊತೆಗೆ ಗಾಳದ ಕೋಲು, ದಾರದ ಮೇಲಿನ ತೆರಿಗೆ 1950ರ ಕಾಯ್ದೆಯಂತೆ ರಾಜ್ಯಗಳಿಗೆ ಬರುತ್ತದೆ. ಅಲ್ಲಿ ಅದು ಹೆಚ್ಚಿನವರಿಗೆ ಹವ್ಯಾಸ. ನಮ್ಮ ಕಡೆ ಅದೇ ಕೆರೆ ಬೆಸ್ತರ, ಅಂಬಿಗರ ಹೊಟ್ಟೆಪಾಡು. ಹಾಗಾಗಿ ಇದ್ದಕ್ಕಿದ್ದ ಹಾಗೆ ಇಲ್ಲಿ ತರಲು ಹೋದರೆ ಜಗಳ ಗ್ಯಾರಂಟಿ.

ಆದರೆ ಯಾರ ಪಾಲು ಏನು ಅನ್ನುವ ಒಪ್ಪಂದವನ್ನು ಕಾಗದದ ಮೇಲೆ ಬರೆಯುವ ಅಮೆರಿಕದವರ ಪದ್ಧತಿ ನಮಗೂ ಬೇಕು. ಮೊದಲು ಕೆರೆ ಪಂಚಾಯಿತಿಯದೋ, ಮೀನುಗಾರಿಕೆ ಇಲಾಖೆಯದೋ ತಿಳಿದುಕೊಳ್ಳಿ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಗುತ್ತಿಗೆ ನಡೆಯುತ್ತಿರುವಾಗ ಷರತ್ತು ಬದಲಿಸು ಅಂದರೆ ಯಾರು ಒಪ್ತಾರೆ ಹೇಳಿ? ಮುಂದಿನ ಗುತ್ತಿಗೆಗೆ ಮೊದಲೇ, ಸಂಘದವರನ್ನೂ ಕೂರಿಸಿಕೊಂಡು ಗ್ರಾಮಸಭೆಯಲ್ಲಿ ವಿಷಯ ಎತ್ತಿ.

ಕೇಳೋದು ಸಣ್ಣದಿರಲಿ. ಏರಿಯ ಒಂದು ತುದಿ, ವಾರದಲ್ಲಿ ಒಂದು ದಿನ, ಕೈಗಾಳ ಮಾತ್ರ, ಬಲೆ ಬೇಡ. ಜಿಲೇಬಿ ಮೀನು ಸಿಕ್ಕರೆ ಮನೆಗೆ, ಸಣ್ಣ ಕಾಟ್ಲಾ ಸಿಕ್ಕರೆ ವಾಪಸ್ ನೀರಿಗೆ. ಜಿಲೇಬಿ ತಾನೇ ಮರಿ ಹಾಕಿ ಕೆರೆ ತುಂಬಿಕೊಂಡು, ಬಿತ್ತನೆ ಮರಿಯ ಮೇವಿಗೂ ಕೈ ಹಾಕುತ್ತದೆ. ಅದು ಕಡಿಮೆಯಾದರೆ ಸಂಘಕ್ಕೇ ಲಾಭ. ಈ ಮಾತಿನಿಂದ ಶುರು ಮಾಡಿ, ಸುಮ್ನೆ ಹಕ್ಕು ಹಕ್ಕು ಅನ್ನಬೇಡಿ. ಬದಲಿಗೆ ನಿಮ್ಮ ಹುಡುಗರು ಕಾವಲಿಗೆ ಕೈಜೋಡಿಸಲಿ. ಸಿಡಿಮದ್ದು ಹಾಕಿ ಮೀನು ಕೊಲ್ಲೋದು 1897ರ ಕಾಯ್ದೆಯಿಂದಲೂ ಅಪರಾಧ. ಅದನ್ನು ತಡೆಯಲು ಸಂಘದ ಒಬ್ಬಿಬ್ಬರಿಂದ ಆಗಲ್ಲ.

ಜಾಗ ಆರಿಸುವಾಗ ಹೂಳು ತೆಗೆದ ಗುಂಡಿಗಳು ಎಲ್ಲಿವೆ ಅಂತ ಬೇಸಿಗೆಯಲ್ಲೇ ನೋಡಿಟ್ಟುಕೊಳ್ಳಿ, ನೀರು ಬಂದ ಮೇಲೆ ಕಾಣಲ್ಲ. ಮಕ್ಕಳೂ ಬರುವುದಾದರೆ ತೂಬಿನ ಹತ್ತಿರವಂತೂ ಬೇಡವೇ ಬೇಡ.