ಎಕ್ಕೆಯ ವಿಷವನ್ನೇ ಉಂಡು ಬೆಳೆಯುವ ಹುಳು

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿರುವ ಎಕ್ಕೆ ಗಿಡವನ್ನು ದನಕರುಗಳು ಮೂಸಿ ಬಿಟ್ಟುಹೋಗುತ್ತವೆ. ಆದರೆ ಪಟ್ಟೆಪಟ್ಟೆಯ ಹುಳುಗಳು ಅದೇ ಎಲೆ ತಿಂದು ಕೊಬ್ಬುತ್ತವೆ. ಅವಕ್ಕೆ ವಿಷ ಏಕೆ ತಗಲುವುದಿಲ್ಲ? ಗುಲಾಬಿ ಕಾಯಿಕೊರಕ ಹುಳು, ಕಾಯಿಕೊರಕಗಳನ್ನು ಕೊಲ್ಲುವ ವಿಷವನ್ನು ತನ್ನೊಳಗೇ ಹೊತ್ತ ಬಿಟಿ ಹತ್ತಿಯನ್ನೂ ತಿನ್ನುತ್ತಿರುವುದಕ್ಕೆ ಇದೇ ಕಾರಣವೇ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನೀವು ಕಂಡ ಹುಳುಗಳ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳೂ ಮೂರು ಜೊತೆ ಕರಿಯ ಎಳೆಗಳೂ ಇದ್ದರೆ, ಅವು ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಗಳು. ಎಕ್ಕೆಯ ಹಾಲಿನಲ್ಲಿ ಎರಡು ಬಗೆಯ ಕಾವಲಿದೆ. ಹಾಲು ಅಂಟಾಗಿ ಸಣ್ಣ ಹುಳುವಿನ ಬಾಯಿ ಕಟ್ಟುತ್ತದೆ. ಅದರಲ್ಲಿರುವ ಕಾರ್ಡಿನೋಲೈಡ್ ಎಂಬ ವಿಷವು ಪ್ರಾಣಿಗಳ ಜೀವಕೋಶದಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಸಾಗಿಸುವ ಪ್ರೋಟೀನನ್ನು ಹಿಡಿದು ನಿಲ್ಲಿಸಿ, ಹೃದಯದ ಬಡಿತವನ್ನೇ ಕೆಡಿಸುತ್ತದೆ.

ಈ ಬಳಗದ ಹುಳುಗಳು ಮೊದಲ ಕಾವಲನ್ನು ದಾಟುವ ಉಪಾಯ ನೋಡುವಂತಹುದು: ಎಲೆಯ ನರವನ್ನು ಮೊದಲೇ ಕಚ್ಚಿ ಹಾಲು ಸೋರಿಹೋಗಲು ಬಿಟ್ಟು, ಅದರ ಆಚೆಗಿನ ಭಾಗವನ್ನು ನಿಶ್ಚಿಂತೆಯಿಂದ ತಿನ್ನುತ್ತವೆ. ಎರಡನೆಯದಕ್ಕೆ ಉತ್ತರ ಮೈಯೊಳಗಿದೆ. ಪ್ಲೇನ್ ಟೈಗರಿನ ದಾಯಾದಿಯಾದ ಅಮೆರಿಕದ ಮೊನಾರ್ಕ್ ಚಿಟ್ಟೆಯಲ್ಲಿ ಆ ಪ್ರೋಟೀನಿನ ಕೆಲವು ಅಮೈನೋ ಆಮ್ಲಗಳು, ಅಂದರೆ ಅದನ್ನು ಕಟ್ಟಿರುವ ಇಟ್ಟಿಗೆಗಳು, ಬದಲಾಗಿರುವುದರಿಂದ ವಿಷವು ಸರಿಯಾಗಿ ಅಂಟಿಕೊಳ್ಳುವುದಿಲ್ಲ. 2019ರಲ್ಲಿ ವಿಜ್ಞಾನಿಗಳು ಹಣ್ಣುನೊಣದಲ್ಲಿ ಅಂತಹ ಮೂರು ಬದಲಾವಣೆಗಳನ್ನು ಮಾಡಿದಾಗ ಆ ನೊಣವೂ ವಿಷವನ್ನು ತಡೆದುಕೊಂಡಿತು. ಇಷ್ಟಕ್ಕೇ ನಿಲ್ಲದೆ ಈ ಚಿಟ್ಟೆಗಳು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಒಮ್ಮೆ ತಿಂದು ಕಾರಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ಗೊಡವೆಗೆ ಹೋಗುವುದಿಲ್ಲ.

ಗಿಡ ಸುಮ್ಮನಿರುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದು. ಕೀಟ ಮತ್ತು ಅದರ ಆಹಾರದ ಗಿಡ ಹೀಗೆ ಪರಸ್ಪರ ಉತ್ತರ ಕೊಡುತ್ತ ಬದಲಾಗುವುದನ್ನು ಸಹವಿಕಾಸ ಎನ್ನುತ್ತಾರೆ. 1964ರಲ್ಲಿ ಜೀವವಿಜ್ಞಾನಿಗಳಾದ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಚಿಟ್ಟೆಗಳ ಕುಲಗಳನ್ನೂ ಅವುಗಳ ಆಹಾರದ ಗಿಡಗಳನ್ನೂ ಹೋಲಿಸಿ ಈ ವಿಚಾರವನ್ನು ಮುಂದಿಟ್ಟರು. ಗಿಡ ಪ್ರತಿಬಾರಿಯೂ ಹೆಚ್ಚು ವಿಷವನ್ನೇ ಮಾಡುತ್ತದೆ ಎಂದು ತಿಳಿಯಬೇಕಿಲ್ಲ. ಎಕ್ಕೆಯ ಬಳಗಕ್ಕೆ ಸೇರಿದ ಅಮೆರಿಕದ ಗಿಡಗಳಲ್ಲಿ ಹೊಸದಾಗಿ ಕವಲೊಡೆದ ಜಾತಿಗಳು ವಿಷ ಮತ್ತು ಹಾಲು ಎರಡನ್ನೂ ಕಡಿಮೆ ಮಾಡಿ, ತಿಂದುಹೋದದ್ದನ್ನು ಬೇಗ ಮತ್ತೆ ಚಿಗುರಿಸುವ ಕಡೆಗೆ ವಾಲಿವೆ. ವಿಷಕ್ಕೆ ಅಂಜದ ಹುಳುವಿನ ಮುಂದೆ ವಿಷಕ್ಕಾಗಿ ಖರ್ಚು ಮಾಡುವುದು ದಂಡ ತಾನೆ!

ಇನ್ನು ಹತ್ತಿ. ಅಲ್ಲಿ ನಡೆದಿರುವುದು ಈ ಕತೆಯ ಅರ್ಧ ಮಾತ್ರ. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿರುವುದು ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದ ಜೀನಿನ ನೆರವಿನಿಂದ ಗಿಡವೇ ಮಾಡುವ ವಿಷ. ಅದನ್ನು ತಡೆದುಕೊಂಡ ಕೆಲವೇ ಹುಳುಗಳ ಸಂತತಿ ಹೆಚ್ಚುತ್ತ ಬಂದಿತು. ಆದರೆ ಗಿಡಕ್ಕೆ ಮರುಉತ್ತರ ಕೊಡುವ ದಾರಿಯಿಲ್ಲ, ಏಕೆಂದರೆ ಬೀಜ ಪ್ರತಿವರ್ಷ ಅಂಗಡಿಯಿಂದ ಬರುತ್ತದೆ. ಹಿಂದೆ 450 ಗ್ರಾಂ ಬಿಟಿ ಬೀಜದೊಡನೆ ಕೊಡುತ್ತಿದ್ದ 120 ಗ್ರಾಮಿನ ಸಾದಾ ಬೀಜದ ಪೊಟ್ಟಣವನ್ನು ಅನೇಕರು ಮೂಲೆಗೆಸೆದರು. ಅದನ್ನು ಅಂಚಿನಲ್ಲಿ ಬಿತ್ತಿದ್ದರೆ ಅಲ್ಲಿ ವಿಷಕ್ಕೆ ಬಗ್ಗುವ ಹುಳುಗಳು ಬದುಕಿ ಪತಂಗಗಳಾಗಿ, ವಿಷ ತಡೆಯುವ ವಿರಳ ಪತಂಗಗಳೊಡನೆ ಕೂಡುತ್ತಿದ್ದವು. ಹಾಗೆ ಹುಟ್ಟಿದ ಮರಿಗಳು ಬಿಟಿ ಕಾಯಿಯೊಳಗೆ ಬಹುಮಟ್ಟಿಗೆ ಸಾಯುತ್ತವೆ ಎಂಬುದೇ ಆ ಪೊಟ್ಟಣದ ಹಿಂದಿದ್ದ ಲೆಕ್ಕಾಚಾರ.